ತಂಬೂರಿ ಕೇಳಿಸ್ತಾ ಇದ್ಯಾ?

ಗೌರಿ ಹಬ್ಬಕ್ಕೆ ಮುಂಚೆ ಮನೆ ಧೂಳು ಹೊಡೆಯುವಾಗ ಅಟ್ಟದ ಮೇಲಿದ್ದ ಅಪ್ಪನ ಸ್ಪೀಕರ್ ಪೆಟ್ಟಿಗೆಗಳನ್ನು ಕೆಳಗಿಳಿಸಿದೆ. ಅಪ್ಪ ತೀರಿಕೊಂಡ ವರ್ಷ ಅವರದೇ ಹಳೇ ಪಂಚೆಯಲ್ಲಿ ಸುತ್ತಿ ಮೇಲಿಟ್ಟಿದ್ದೆವು. ಪಂಚೆ ಬಿಚ್ಚಿ, ಮುಂದಿನ ಬಟ್ಟೆಯ ಫ್ರೇಮ್ ತೆಗೆದು, ತಗ್ಗಿನ ಸ್ವರ ನುಡಿಸುವ ವೂಫರ್ ಸುತ್ತ ಇರುವ ಫೋಮಿನ ಅಂಚನ್ನು ಬೆರಳಿನಿಂದ ಮುಟ್ಟಿದೆ. ಅದು ಹಾಗೇ ಉದುರಿತು. ಬೆರಳಿಗೆ ಕಪ್ಪು ಪುಡಿ ಬೆಲ್ಲದ ಹಾಗೆ ಅಂಟಿಕೊಂಡಿತು. ಇನ್ನೊಂದನ್ನು ಮುಟ್ಟಲು ಧೈರ್ಯ ಬರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಹಾಳಾಗಿ ಹೋಯ್ತೇನೇ?" ಅಂದರು. ನನಗೆ ಉತ್ತರ ಕೊಡಲು ಆಗಲಿಲ್ಲ.

ಆ ಪೆಟ್ಟಿಗೆಗಳು ನಮ್ಮ ಮನೆಗೆ ಬಂದಿದ್ದು 1990ರಲ್ಲಿ. ನಾನಾಗ ಸೆಕೆಂಡ್ ಪಿಯುಸಿ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಹಾಸನಕ್ಕೆ ವರ್ಗವಾಗುವ ಮೊದಲು ಅರಕಲಗೂಡು ತಾಲ್ಲೂಕಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದರು. ಅವರ ಸ್ಕೂಲಿನಿಂದ ಕಾವೇರಿ ದಂಡೆಯ ರುದ್ರಪಟ್ಟಣಕ್ಕೆ ಸೈಕಲ್ಲಿನಲ್ಲಿ ಹೋಗಿಬರಬಹುದಿತ್ತು. ರುದ್ರಪಟ್ಟಣ ಗೊತ್ತಲ್ವಾ? ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಜೋಡಿಯಾಗಿ ಹಾಡುವ ರುದ್ರಪಟ್ಟಣ ಸಹೋದರರೂ ಅಲ್ಲಿಯವರೇ. ಈಗ ಅಲ್ಲಿ ತಂಬೂರಿಯ ಆಕಾರದಲ್ಲೇ ಕಟ್ಟಿದ ಒಂದು ಗುಡಿ ಇದೆ. ಅಪ್ಪ ಇದ್ದ ಕಾಲಕ್ಕೆ ಗುಡಿ ಇರಲಿಲ್ಲ, ಆದರೆ ತಂಬೂರಿ ಇದ್ದ ಮನೆಗಳಿದ್ದವು. ಅಂಥ ಒಂದು ಮನೆಯ ಜಗುಲಿಯಲ್ಲಿ ಕೂತು ಅಪ್ಪ ಮೊದಲ ಸಲ ತಂಬೂರಿಯನ್ನು ಹತ್ತಿರದಿಂದ ಕೇಳಿದರಂತೆ. ಮನೆಗೆ ಬಂದ ಮೇಲೂ ಕಿವಿಯಲ್ಲಿ ಅದೇ ಇತ್ತು ಅನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಇದ್ದಿದ್ದು ಒಂದು ಸಣ್ಣ ರೇಡಿಯೋ. ಆಕಾಶವಾಣಿಯಲ್ಲಿ ಕಚೇರಿ ಬಂದಾಗ ಅಪ್ಪ ಅದಕ್ಕೆ ಕಿವಿ ಕೊಟ್ಟು ಕೂರುತ್ತಿದ್ದರು. "ಹಾಡು ಬರ್ತದೆ. ಹಾಡಿನ ಹಿಂದೆ ಇರೋದು ಬರಲ್ಲ" ಅನ್ನುವುದು ಅವರ ಕೊರಗು.

ಆ ಹಿಂದೆ ಇರೋದನ್ನು ಹುಡುಕಿಕೊಂಡೇ ನಾವು ಭಾಯ್ ಅಂಗಡಿಗೆ ಹೋಗಿದ್ದು.

ಅಂಗಡಿ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಗಲ್ಲಿಯಲ್ಲಿತ್ತು. ಹತ್ತಡಿ ಅಗಲ, ಒಳಗೆ ಉದ್ದಕ್ಕೆ. ಇಟ್ಟುಕೊಂಡಿದ್ದವರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಿದ್ದರು. ಮುಂದೆ ಕ್ಯಾಸೆಟ್ ಜೋಡಿಸಿದ ಗೋಡೆ, ನಡುವೆ ರಿಪೇರಿ ಟೇಬಲ್, ಕೊನೆಯಲ್ಲಿ ಒಂದು ಪರದೆ. ಪರದೆ ಆಚೆ ಎರಡು ಕುರ್ಚಿ, ನೆಲಕ್ಕೆ ಜಮಖಾನ, ಎರಡು ಸ್ಪೀಕರ್. ಅಂಗಡಿಯೆಲ್ಲ ಬೆಸುಗೆ ಹಾಕುವಾಗ ಬರುವ ರಾಳದ ಹೊಗೆಯ ವಾಸನೆ. ಇವತ್ತಿಗೂ ಆ ವಾಸನೆ ಎಲ್ಲಾದರೂ ಬಂದರೆ ನಾನು ಒಂದು ಗಳಿಗೆ ನಿಂತುಬಿಡುತ್ತೇನೆ.

ಮೇನ್ ರೋಡಿನಲ್ಲಿ ಬೇರೆ ಅಂಗಡಿಗಳಿದ್ದವು. ಬಾಗಿಲಲ್ಲೇ ದೊಡ್ಡ ಪೆಟ್ಟಿಗೆ ಇಟ್ಟು ಜೋರಾಗಿ ಸಿನಿಮಾ ಹಾಡು ಹಾಕುತ್ತಿದ್ದರು. ಭಾಯ್ ಮಾಡುತ್ತಿದ್ದುದೇ ಬೇರೆ. ಗಿರಾಕಿ ಬಂದರೆ ಪರದೆ ಆಚೆ ಕೂರಿಸಿ, ಒಂದು ಕ್ಯಾಸೆಟ್ ಹಾಕಿ, ವಾಲ್ಯೂಮ್ ಕಮ್ಮಿ ಮಾಡುತ್ತಿದ್ದರು. ಅವತ್ತು ಹಾಕಿದ್ದು ಶ್ರೀಕಂಠನ್ ಅವರ ಹಾಡುಗಾರಿಕೆ. ಪಕ್ಕದ ಹೋಟೆಲಿನ ಲೋಟದ ಸದ್ದು ಕೇಳುವಷ್ಟು ಕಮ್ಮಿ ಮಾಡಿ ಕೇಳಿದರು.

"ಮೇಷ್ಟ್ರೇ, ಹಾಡು ಬಿಡಿ. ತಂಬೂರಿ ಕೇಳಿಸ್ತಾ ಇದ್ಯಾ?"

ಅಪ್ಪ ಮಾತಾಡಲಿಲ್ಲ. ತಲೆ ಆಡಿಸಿದರು. ನನಗೂ ಕೇಳಿಸಿತು. ಹಾಡುವವರು ಉಸಿರು ತೆಗೆದುಕೊಳ್ಳುವ ಆ ಸಣ್ಣ ಬಿಡುವಿನಲ್ಲಿ ಹಿಂದೆ ಏನೋ ಒಂದು ಹರಡಿಕೊಂಡಿತ್ತು. ಒಂದೇ ಸಮನೆ ಇತ್ತು, ಆದರೆ ಒಳಗೊಳಗೇ ಮಿನುಗುತ್ತಿತ್ತು.

ಭಾಯ್ ಯಾಕೆ ತಂಬೂರಿಯನ್ನೇ ಹಿಡಿದುಕೊಂಡಿದ್ದರು ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಹೈಸ್ಕೂಲಿನಲ್ಲಿ ಸೈನ್ಸ್ ಪಾಠ ಮಾಡಲು ಶುರು ಮಾಡಿದ ಮೇಲೆ. ತಂಬೂರಿಯ ತಂತಿಗೂ ಅದನ್ನು ಎತ್ತಿ ಹಿಡಿಯುವ ಕುದುರೆಗೂ (ಬ್ರಿಡ್ಜ್) ನಡುವೆ ಒಂದು ನೂಲು ಸಿಗಿಸುತ್ತಾರೆ. ಅದನ್ನು ಜೀವ ಅಂತಲೇ ಕರೆಯುತ್ತಾರೆ. ನೂಲು ಸರಿಯಾದ ಜಾಗಕ್ಕೆ ಬಂದಾಗ ತಂತಿ ಕುದುರೆಯನ್ನು ಸವರಿಕೊಂಡು ಅದುರುತ್ತದೆ, ಒಂದು ಸ್ವರದ ಮೇಲೆ ಅದರ ಮೇಲಿನ ಸ್ವರಗಳು ಸಾಲಾಗಿ ಎದ್ದು ಬರುತ್ತವೆ. ಗಂಡಸರ ಶ್ರುತಿ ಹಾರ್ಮೋನಿಯಂನ ಬಿಳಿ ಒಂದು ಅಂತ ಇಟ್ಟುಕೊಳ್ಳಿ. ಅವರ ಷಡ್ಜ ಸುಮಾರು 130 ಹರ್ಟ್ಜ್. ತಂಬೂರಿಯ ಮಂದ್ರ ಷಡ್ಜ ಅದರ ಅರ್ಧ, 65. ಅಲ್ಲಿಂದ ಹಿಡಿದು ಕೆಲವು ಸಾವಿರ ಹರ್ಟ್ಜ್‌ವರೆಗೆ ಒಂದೇ ತಂತಿ ಹರಡಿಕೊಂಡಿರುತ್ತದೆ. ಸ್ಪೀಕರ್ ಒಂದು ಕಡೆ ಉಬ್ಬಿಸಿ ಇನ್ನೊಂದು ಕಡೆ ನುಂಗಿದರೆ ಹಾಡು ಹೇಗೋ ನಡೆಯುತ್ತದೆ, ತಂಬೂರಿ ನಡೆಯುವುದಿಲ್ಲ. ಒಂದೋ ನೊಣ ಗುಂಯ್‌ಗುಟ್ಟಿದ ಹಾಗಾಗುತ್ತದೆ, ಇಲ್ಲ ಕಾಣೆಯಾಗುತ್ತದೆ.

ಇದಕ್ಕೆ ತದ್ವಿರುದ್ಧ ಅರಕಲಗೂಡಿನ ಕಟಿಂಗ್ ಶಾಪಿನಲ್ಲಿ ನೋಡಿದ್ದ ಮಡಕೆ ಸ್ಪೀಕರ್. ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿ ಮೂಲೆಯಲ್ಲಿ ಇಡುತ್ತಿದ್ದರು. ಹೊಸದಾಗಿ ಕೇಳಿದವರಿಗೆ ಎಂಥಾ ಬೇಸ್ ಅನ್ನಿಸುತ್ತದೆ. ಆದರೆ ಮಡಕೆಯೊಳಗಿನ ಗಾಳಿಗೆ ತನ್ನದೇ ಒಂದು ಸ್ವರ ಇರುತ್ತದೆ. ತಬಲಾ ಬಾರಿಸಿದರೂ ಅದೇ ಗುಂ, ಗಿಟಾರ್ ಬಾರಿಸಿದರೂ ಅದೇ ಗುಂ. ಭಾಯ್ ಇದನ್ನು ಬೈಯುತ್ತಿರಲಿಲ್ಲ. ಕಮ್ಮಿ ದುಡ್ಡಿನಲ್ಲಿ ಸಂತೋಷಪಡಲು ಜನ ಕಂಡುಕೊಂಡ ದಾರಿ ಅದು ಅನ್ನುತ್ತಿದ್ದರು. ಆ ಮಾತಿಗೆ ಅವರ ಮೇಲೆ ನನಗಿದ್ದ ಗೌರವ ಇನ್ನೂ ಹೆಚ್ಚಾಯಿತು.

ಕಂಪನಿಯ ಪೆಟ್ಟಿಗೆ ಕೊಳ್ಳುವಷ್ಟು ದುಡ್ಡು ಅಪ್ಪನ ಹತ್ತಿರ ಇರಲಿಲ್ಲ. "ನಾನೇ ಮಾಡಿಕೊಡ್ತೀನಿ ಮೇಷ್ಟ್ರೇ" ಅಂದರು ಭಾಯ್. ಎಂಟು ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಒಂದು ಪೀರ್‌ಲೆಸ್ ಟ್ವೀಟರ್. ಪೀರ್‌ಲೆಸ್ ಅಂದರೆ 1926ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದ ಕಂಪನಿ. ಭಾಯ್ ಆ ಟ್ವೀಟರನ್ನು ಡಬ್ಬದಿಂದ ತೆಗೆಯುವಾಗ ಕೈ ಒರೆಸಿಕೊಂಡೇ ತೆಗೆದರು. ಪೆಟ್ಟಿಗೆಗೆ ಮುಕ್ಕಾಲು ಇಂಚಿನ ಪ್ಲೈವುಡ್. ಬಡಗಿಯವರ ಪಕ್ಕ ನಿಂತು ಅಳತೆ ಹೇಳಿ ಮಾಡಿಸಿದರು. ಒಟ್ಟು 2,800 ರೂಪಾಯಿ, ಅಪ್ಪನ ಒಂದೂವರೆ ತಿಂಗಳ ಸಂಬಳ. ಮೂರು ಕಂತಿನಲ್ಲಿ ಕೊಟ್ಟರು. ಅಮ್ಮ ಆ ವರ್ಷ ದೀಪಾವಳಿಗೆ ಸೀರೆ ಬೇಡ ಅಂದರು. ಆಮೇಲೆ ಎಷ್ಟೋ ವರ್ಷ ಆಯುಧ ಪೂಜೆಗೆ ಎರಡೂ ಪೆಟ್ಟಿಗೆಗೆ ಕುಂಕುಮ ಇಟ್ಟವರೂ ಅಮ್ಮನೇ.

ಮನೆಗೆ ತಂದ ಮೇಲೆ ಒಂದು ಅನಾಹುತ ಆಯಿತು. ಅಪ್ಪ ತಂತಿ ತಾವೇ ಜೋಡಿಸಿದರು. ಹಾಡು ಬಂತು, ಆದರೆ ಎಲ್ಲೋ ಏನೋ ಸರಿ ಇಲ್ಲ. ಅಂಗಡಿಯಲ್ಲಿ ಎದುರಿಗೆ ಕೂತು ಹಾಡಿದ ಹಾಗಿದ್ದ ದನಿ ಇಲ್ಲಿ ಕೋಣೆಯ ಮೂಲೆ ಮೂಲೆಗೆ ಚೆದುರಿ ಹೋಗಿತ್ತು. ಮೃದಂಗಕ್ಕೆ ಹೊಟ್ಟೆಯೇ ಇಲ್ಲ. ನಮ್ಮ ಮನೆಯೇ ಹೀಗೆ ಅಂದುಕೊಂಡು ನಾಲ್ಕು ತಿಂಗಳು ಸುಮ್ನೆ ಕೇಳಿದೆವು. ಒಂದು ಭಾನುವಾರ ಭಾಯ್ ಮನೆಗೆ ಬಂದರು. ಎರಡು ನಿಮಿಷ ಕೇಳಿ, ಟಾರ್ಚಿನಿಂದ ಒಂದು ಶೆಲ್ ತೆಗೆದುಕೊಂಡು ಬಾ ಪುಟ್ಟಿ ಅಂದರು.

ಅವರು ಮಾಡಿದ್ದನ್ನು ನಾನು ಈಗಲೂ ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಮಾಡಿ ತೋರಿಸುತ್ತೇನೆ. ಒಂದೂವರೆ ವೋಲ್ಟಿನ ಶೆಲ್ಲಿನ ಪ್ಲಸ್ಸನ್ನು ಸ್ಪೀಕರ್ ತಂತಿಯ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿದರೆ ವೂಫರ್ ಕಾಗದ ಟಕ್ ಅಂತ ಮುಂದಕ್ಕೆ ಬರುತ್ತದೆ. ತಿರುಗು ಮುರುಗಾಗಿದ್ದರೆ ಹಿಂದಕ್ಕೆ ಹೋಗುತ್ತದೆ. ನಮ್ಮದರಲ್ಲಿ ಒಂದು ಮುಂದೆ, ಒಂದು ಹಿಂದೆ. ಒಂದು ಪೆಟ್ಟಿಗೆ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಳ್ಳುತ್ತಿತ್ತು. ತಗ್ಗಿನ ಸ್ವರಗಳು ಕೋಣೆಯಲ್ಲೇ ಒಂದನ್ನೊಂದು ಕೊಂದುಕೊಳ್ಳುತ್ತಿದ್ದವು. ಭಾಯ್ ಒಂದು ಪೆಟ್ಟಿಗೆಯ ತಂತಿ ಅದಲು ಬದಲು ಮಾಡಿದರು, ಅಷ್ಟೇ. ದನಿ ಎದ್ದು ಬಂದು ನಡುವೆ ಕೂತಿತು.

ಅಷ್ಟಕ್ಕೇ ಬಿಡಲಿಲ್ಲ. ಬೀರುವಿನ ಮೇಲೆ ಇಟ್ಟಿದ್ದ ಪೆಟ್ಟಿಗೆಗಳನ್ನು ಇಳಿಸಿ ಎರಡು ಸ್ಟೂಲಿನ ಮೇಲೆ ಇಟ್ಟರು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕಂತೆ. ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆದರು, ಗೋಡೆಗೆ ಅಂಟಿಸಿದರೆ ಬೇಸ್ ಉಬ್ಬಿಕೊಳ್ಳುತ್ತದೆ ಅಂತ. ಆಮೇಲೆ ಅಮ್ಮನ ಹತ್ತಿರ ಹೂ ಕಟ್ಟುವ ದಾರ ಇಸ್ಕೊಂಡರು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಎಷ್ಟು ದಾರವೋ, ಅಷ್ಟೇ ದಾರ ಒಂದೊಂದು ಪೆಟ್ಟಿಗೆಯಿಂದ ಕುರ್ಚಿಗೆ. ಮೂರೂ ಬದಿ ಸಮ. ಕುರ್ಚಿಯ ನಾಲ್ಕು ಕಾಲಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕೆಂಪು ಕಾವಿಯ ನೆಲದ ಮೇಲೆ ಆ ಬಿಳಿ ಗುರುತು ಅಳಿಸಿದಾಗೆಲ್ಲ ಅಪ್ಪ ಮತ್ತೆ ಹಾಕುತ್ತಿದ್ದರು.

ಆ ಹೆಂಚಿನ ಮನೆಯಲ್ಲಿ ಕೇಳಿದ ಸದ್ದು ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ. ಇಳಿಜಾರು ಮಾಡು, ಮರದ ತೊಲೆ, ಗೋಡೆಯುದ್ದಕ್ಕೂ ಅಪ್ಪನ ಪುಸ್ತಕ. ಸದ್ದು ತಿರುಗಿ ಬಂದು ಬಡಿಯುತ್ತಿರಲಿಲ್ಲ.

ಕ್ಯಾಸೆಟ್ ತುಂಬಿಸುವ ಕಾಲ ಅದು. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಭಾಯ್ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. ನಾನು 90 ನಿಮಿಷದ್ದು ಕೇಳಿದರೆ ಬೇಡ ಅನ್ನುತ್ತಿದ್ದರು. ಅದರ ಟೇಪು ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. 60 ನಿಮಿಷದ್ದೇ ತಗೋ ಪುಟ್ಟಿ, ಟಿಡಿಕೆ ಇದೆ ಅನ್ನುತ್ತಿದ್ದರು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅರ್ಧ ಗಂಟೆಗೆ ಲೆಕ್ಕ ಹಾಕಿದರೆ ಸುಮಾರು 86 ಮೀಟರ್. ಅಷ್ಟು ಉದ್ದದ ಹಾಡನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದೇನೆ ಅಂತ ಕಾಲೇಜಿನ ದಾರಿಯಲ್ಲಿ ಯೋಚನೆ ಮಾಡಿದ್ದು ನೆನಪಿದೆ. ಸದ್ದು ಮಂಕಾದರೆ ಭಾಯ್ ಟೇಪನ್ನು ಓದುವ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಪರದೆ ಸರಿಸಿ ಬೆಳಕು ಬಿಟ್ಟ ಹಾಗೆ ದನಿ ತಿಳಿಯಾಗುತ್ತಿತ್ತು.

ನನ್ನ ಪಟ್ಟಿಯಲ್ಲಿ ಜಾಸ್ತಿ ಇರುತ್ತಿದ್ದುದು ಸಿ. ಅಶ್ವತ್ಥ್ ಹಾಡಿದ ಭಾವಗೀತೆಗಳು. ಅವರು ನಮ್ಮ ಜಿಲ್ಲೆಯವರೇ, ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ಅವರು ಗಂಟಲು ಬಿಟ್ಟು ಮೇಲಕ್ಕೆ ಹೋದಾಗ ಸಾಧಾರಣ ಟ್ವೀಟರ್ ಚೀರುತ್ತದೆ. ನಮ್ಮದರಲ್ಲಿ ಆ ದನಿಯ ಒರಟು ಒರಟಾಗಿಯೇ ಬರುತ್ತಿತ್ತು, ಚುಚ್ಚುತ್ತಿರಲಿಲ್ಲ.

ಒಂದು ಸಂಜೆ ಭಾಯ್ ಅಂಗಡಿಗೆ ಸಾಲಗಾಮೆ ರಸ್ತೆಯ ಎಂ.ಸಿ.ಎಫ್.ನ ಒಬ್ಬ ಇಂಜಿನಿಯರ್ ಸಿ.ಡಿ. ಪ್ಲೇಯರ್ ತಂದಿದ್ದರು. 1982ರಲ್ಲಿ ಶುರುವಾದಾಗಿನಿಂದ ದೇಶದ ಉಪಗ್ರಹಗಳನ್ನು ನಮ್ಮೂರಿನಿಂದ ನೋಡಿಕೊಳ್ಳುವ ಕೇಂದ್ರ ಅದು. ಆ ದಿನ ನನಗೆ ಹಾಡಿಗಿಂತ ಜಾಸ್ತಿ ನೆನಪಿರುವುದು ಹಾಡು ಶುರುವಾಗುವ ಮುಂಚಿನ ಮೌನ. ಟೇಪಿನ ಸ್ಸ್ ಅನ್ನುವ ಸದ್ದು ಇಲ್ಲವೇ ಇಲ್ಲ. ಅಂಗಡಿಯಲ್ಲಿ ಏಳೆಂಟು ಜನ ಇದ್ದೆವು. ಹಾಡು ಮುಗಿಯುವ ತನಕ ಯಾರೂ ಕದಲಲಿಲ್ಲ.

ಆಮೇಲಿನ ವರ್ಷಗಳು ಬೇಗ ಹೋದವು. ಒಂದು ಗಳಿಗೆಗೆ ಗರಿಷ್ಠ ಎಷ್ಟು ವ್ಯಾಟ್ ಅನ್ನುವ ಪಿ.ಎಂ.ಪಿ.ಓ. ಲೆಕ್ಕ ಬರೆದ ಪೆಟ್ಟಿಗೆಗಳು ಬಂದವು. ಮುಂದೆ 2000 ವ್ಯಾಟ್ ಅಂತ ಸ್ಟಿಕರ್, ಹಿಂದಿನ ತಗಡಿನ ಮೇಲೆ ಕರೆಂಟ್ ಬಳಕೆ 40 ವ್ಯಾಟ್ ಅಂತ ಸಣ್ಣಕ್ಷರ. ಗೋಡೆಯಿಂದ 40 ತಗೊಂಡು 2000 ಕೊಡುವುದು ಹೇಗೆ? ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇರಲಿಲ್ಲ. ನಿಜವಾದ ವ್ಯಾಟ್ ಎರಡರಷ್ಟಾದರೂ ಕಿವಿಗೆ ಆಗುವ ವ್ಯತ್ಯಾಸ ಮೂರು ಡೆಸಿಬಲ್ ಮಾತ್ರ. ಸದ್ದು ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಭಾಯ್ ಇದನ್ನು ಗಿರಾಕಿಗಳಿಗೆ ತಾಳ್ಮೆಯಿಂದ ಹೇಳಿದರು. ಗಿರಾಕಿಗಳು ತಲೆ ಆಡಿಸಿ ಸ್ಟಿಕರ್ ಇರುವ ಅಂಗಡಿಗೆ ಹೋದರು. ಪರದೆ ಆಚೆಯ ಜಾಗದಲ್ಲಿ ಮೊಬೈಲ್ ಕವರ್ ಬಂದವು. ಕೊನೆಗೆ ಅಂಗಡಿ ಮುಚ್ಚಿತು. ಭಾಯ್ 2016ರಲ್ಲಿ ತೀರಿಕೊಂಡರು.

ಅಪ್ಪನ ಪೆಟ್ಟಿಗೆಗಳು ಅಟ್ಟಕ್ಕೆ ಹೋದ ಮೇಲೆ ನಾನು ಹೊಸ ಜೋಡಿ ತಗೊಂಡೆ. ಮೊದಲು ಬೆಂಗಳೂರಿನ ಒಂದು ದೊಡ್ಡ ಶೋರೂಮಿಗೆ ಹೋಗಿದ್ದೆ. ಅಲ್ಲಿಯ ಹುಡುಗ ಉದ್ದಕ್ಕೂ ನನ್ನ ಗಂಡನ ಜೊತೆಯೇ ಮಾತಾಡಿದ. ಕೇಳುವವಳು ನಾನು ಅಂತ ಅವರು ಎರಡು ಸಲ ಹೇಳಿದರೂ ನನ್ನ ಕಡೆ ತಿರುಗಲಿಲ್ಲ. ಯಾವುದೋ ಡೊಳ್ಳಿನಂಥ ಸದ್ದಿನ ಹಾಡನ್ನು ಜೋರಾಗಿ ಹಾಕಿದ. ವಾಲ್ಯೂಮ್ ಕಮ್ಮಿ ಮಾಡಿ, ನಾನು ತಂದಿರುವ ಹಾಡು ಹಾಕಿ ಅಂದೆ. ಆಗಲ್ಲ ಮೇಡಂ, ಡೆಮೋ ಇಷ್ಟೇ ಅಂದ. ಎದ್ದು ಬಂದೆವು. ಅದು ನನಗೆ ಇನ್ನೂ ನೋವು. ಬೇರೆ ಒಂದು ಸಣ್ಣ ಅಂಗಡಿಯಲ್ಲಿ ಒಂದು ಗಂಟೆ ಕೂತು, ಶ್ರೀಕಂಠನ್ ಅವರನ್ನೇ ಕೇಳಿ, ಐದು ಇಂಚಿನ ವೂಫರ್ ಇರುವ ಚಿಕ್ಕ ಜೋಡಿ ಆರಿಸಿದೆ.

ಚೆನ್ನಾಗಿದೆ ಅದು. ಹಾಡುವವರ ಬಾಯಿ ಎಲ್ಲಿದೆ ಅಂತ ಬೆರಳು ತೋರಿಸಿ ಹೇಳಬಹುದು. ವಯೊಲಿನ್ ಬಿಲ್ಲು ತಿರುಗುವ ಜಾಗ ಗೊತ್ತಾಗುತ್ತದೆ. ತಂಬೂರಿಯ ನಾಲ್ಕು ತಂತಿಯನ್ನು ಎಣಿಸಬಹುದು. ಆದರೆ ಮೃದಂಗದ ಎಡಭಾಗಕ್ಕೆ ರವೆ ಕಲಸಿ ಮೆತ್ತುತ್ತಾರಲ್ಲ, ಆ ಒದ್ದೆ ತೂಕ ಇಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ವಿದ್ಯಾನಗರದ ಈ ಹೊಸ ಮನೆಯ ಟೈಲ್ಸ್ ನೆಲ, ಗಾಜಿನ ಕಿಟಕಿ ಕೂಡ ಸದ್ದನ್ನು ತಿರುಗಿಸಿ ಹೊಡೆಯುತ್ತಿದ್ದವು. ಜಮಖಾನ ಹಾಸಿ, ದಪ್ಪ ಪರದೆ ಹಾಕಿದ ಮೇಲೆ ಅರ್ಧ ಸರಿಹೋಯಿತು. ನನ್ನ ಕಿವಿಗೂ ವಯಸ್ಸಾಗಿದೆ. ಮಕ್ಕಳ ಜೊತೆ ಕ್ಲಾಸಿನಲ್ಲಿ ಪರೀಕ್ಷೆ ಮಾಡಿಕೊಂಡೆ. ಅವರಿಗೆ 16,000 ಹರ್ಟ್ಜ್ ಕೇಳುತ್ತದೆ, ನನಗೆ 12,000ಕ್ಕೆ ನಿಲ್ಲುತ್ತದೆ. ತಂಬೂರಿಗೆ ಅಷ್ಟು ಸಾಕು.

ಉದುರಿದ ಪೆಟ್ಟಿಗೆಗಳನ್ನು ಭಾಯ್ ಮಗನ ಹತ್ತಿರ ತೆಗೆದುಕೊಂಡು ಹೋದೆ. ಅವರು ಬಿ.ಎಂ. ರಸ್ತೆಯಲ್ಲಿ ಕಾರಿಗೆ ಸ್ಟಿರಿಯೋ ಹಾಕುವ ಅಂಗಡಿ ಇಟ್ಟಿದ್ದಾರೆ. ಪೆಟ್ಟಿಗೆ ನೋಡಿದ ತಕ್ಷಣ ತಿರುಗಿಸಿ ಹಿಂದೆ ನೋಡಿದರು. ಅಲ್ಲಿ ಭಾಯ್ ಪೆನ್ಸಿಲಿನಲ್ಲಿ ಬರೆದ ತಾರೀಖು ಇತ್ತು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಫೋಮ್ ಹೋಗಿರೋದಕ್ಕೆ ಬೇಜಾರು ಮಾಡ್ಕೋಬೇಡಿ ಅಕ್ಕ" ಅಂದರು ಆಮೇಲೆ. "ಇಟ್ಟರೂ ಹೋಗತ್ತೆ, ಬಳಸಿದರೂ ಹೋಗತ್ತೆ." ಆ ಫೋಮನ್ನು ಗಾಳಿಯ ತೇವ ನಿಧಾನಕ್ಕೆ ಒಳಗಿನಿಂದ ಬಿಡಿಸುತ್ತಾ ಬರುತ್ತದೆ. ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿ. ನಮ್ಮ ಕಡೆ ಮಳೆಗೆ ಕೇಳಬೇಕೇ? ಕಾಗದದ ಕೋನ್ ಮಾತ್ರ ಗಟ್ಟಿಯಾಗಿತ್ತು. ಅವರು ರಬ್ಬರಿನ ಅಂಚು ತರಿಸಿದರು. ಹಳೇ ಅಂಟನ್ನು ಸ್ಪಿರಿಟ್ ಹಾಕಿ ಒಂದು ಮಧ್ಯಾಹ್ನವಿಡೀ ಕೆರೆದರು. ಹೊಸದನ್ನು ಕೂರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಮಾರನೇ ದಿನ ಮೇಜಿನ ಡ್ರಾಯರ್ ಎಳೆದು ಒಂದು ಶೆಲ್ ತೆಗೆದರು. ಟಕ್. ಎರಡೂ ಮುಂದಕ್ಕೆ ಬಂದವು.

ಮನೆಗೆ ತಂದು, ದಾರ ಹಿಡಿದು ಅಳೆದು, ಹಾಕಿದೆ. ಮೃದಂಗದ ಎಡಗೈ ಬಂತು. ಎದೆಗೆ ಬಂತು. ವಯೊಲಿನ್ ಹೊಸ ಜೋಡಿಯಷ್ಟು ನಯವಿಲ್ಲ, ಮೇಲಿನ ಸ್ವರದಲ್ಲಿ ಸ್ವಲ್ಪ ಮಣ್ಣು ಇದೆ. ಆದರೆ ದನಿಗೆ ಮೈ ಇದೆ. ಅಮ್ಮ ಅಡುಗೆಮನೆಯಿಂದ ಬಂದು, ಕೈ ಒರೆಸಿಕೊಂಡು, ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲಿ ಕೂತರು. ಅವರಿಗೆ ಈಗ 78. ಒಂದು ಕೃತಿ ಪೂರ್ತಿ ಕೇಳಿ, "ಎಡಗಡೆದು ಸ್ವಲ್ಪ ಮಂಕು ಅಲ್ವೇನೇ?" ಅಂದರು.

ಹೌದು, ಎಡಗಡೆ ಟ್ವೀಟರ್ ಸದ್ದು ಕಮ್ಮಿ. ಫೋನ್ ಮಾಡಿ ಕೇಳಿದರೆ, ಟ್ವೀಟರ್ ಚೆನ್ನಾಗಿಯೇ ಇದೆ, ಅದರ ದಾರಿಯಲ್ಲಿರುವ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಣಗಿರಬೇಕು ಅಂದರು ಭಾಯ್ ಮಗ. ಅದು ಸುಮಾರು 4,200 ಹರ್ಟ್ಜ್‌ಗಿಂತ ಕೆಳಗಿನದನ್ನು ತಡೆದು ಮೇಲಿನದನ್ನು ಮಾತ್ರ ಟ್ವೀಟರಿಗೆ ಬಿಡುವ ಕಾವಲುಗಾರ. ಹೊಸದು ಅವರ ಹತ್ತಿರ ಇದೆಯಂತೆ. "ಹಾಸನಾಂಬ ಬಾಗಿಲು ಹಾಕಿದ ಮೇಲೆ ಬರ್ತೀನಿ ಅಕ್ಕ, ಈಗ ಊರೊಳಗೆ ಗಾಡಿ ಓಡಿಸೋಕ್ಕೇ ಆಗ್ತಿಲ್ಲ" ಅಂದರು. ನಿಜವೇ, ನಮ್ಮ ಬೀದಿಯಲ್ಲೂ ಎಲ್ಲೆಲ್ಲಿಂದಲೋ ಬಂದವರ ಕಾರುಗಳು ನಿಂತಿವೆ. ವರ್ಷಕ್ಕೊಮ್ಮೆ ತೆರೆಯುವ ಆ ಗುಡಿಯ ಬಾಗಿಲು ಮುಚ್ಚುವುದು ಬಲಿಪಾಡ್ಯಮಿ ಹೊತ್ತಿಗೆ, ಅದಕ್ಕೆ ಇನ್ನೂ ಐದು ದಿನ ಇದೆ. ಅಲ್ಲಿವರೆಗೆ ಕುರ್ಚಿಯನ್ನು ಎಡಕ್ಕೆ ಒಂದು ಗೇಣು ಸರಿಸಿಕೊಂಡು ಕೂರುತ್ತಿದ್ದೇವೆ.